ಸದ್ದು ಬೇಡ, ಹಿಡಿತ ಬೇಕು

ಗಾಡಿ ಬಿಚ್ಚಿ ಕಟ್ಟುವ ಹವ್ಯಾಸ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಯಾಲಾಲ ಕಡೆಯ ಹುಡುಗರು ಮೊದಲು ಸೈಲೆನ್ಸರಿಗೇ ಕೈ ಹಾಕತಾರ. ಯೆಜ್ಡಿಯಂಥ ಟೂ-ಸ್ಟ್ರೋಕ್ ಗಾಡಿಗೆ ಅದನ್ನು ಕೊಯ್ದರೆ ಸದ್ದು ಏರತದ, ಎಳೆತ ಇಳಿತದ.

ಟ್ರಯಲ್ಸ್ ಅಂದರೆ ಓಟವಲ್ಲ. ಬಂಡೆ, ಹಳ್ಳ ದಾಟುವಾಗ ಕಾಲು ನೆಲಕ್ಕೂರಿದರೆ ದಂಡದ ಅಂಕ. ಅದಕ್ಕೆ ನಿಧಾನದ ಎಳೆತ ಬೇಕು: ಮುಂದಿನ ಸ್ಪ್ರಾಕೆಟಿಗೆ ಒಂದು ಹಲ್ಲು ಕಡಿಮೆ, ಟೈರಿಗೆ ಗಾಳಿ ಕಡಿಮೆ, ಎರೆಮಣ್ಣು ಸಿಕ್ಕಿಕೊಳ್ಳದಂತೆ ಮಡ್‌ಗಾರ್ಡ್ ಎತ್ತರ.

ಇದೆಲ್ಲ ಸ್ವಂತ ಹೊಲದಾಗ ಮಾತ್ರ. ಕಂಪನಿ ಕೊಟ್ಟ ಮೂಲ ರೂಪ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಥ ಗಾಡಿ ತಾಂಡೂರು ರಸ್ತೆಗೆ ತರಬ್ಯಾಡ್ರಿ. ಮೈಸೂರಿನ ಹಳೇ ಯೆಜ್ಡಿ ಕಾರ್ಖಾನೆ 1996ರಲ್ಲೇ ಮುಚ್ಚಿತು. ಕೊಯ್ದ ಸಾಮಾನು ಮತ್ತೆ ಸಿಗೂದು ಕಷ್ಟ. ಬಿಚ್ಚಿದ್ದನ್ನು ಜೋಪಾನವಾಗಿ ಎತ್ತಿಡ್ರಿ, ಗರಗಸ ಕೆಳಗಿಡ್ರಿ.