ಘೋಟಿಯ ದಾರಿ, ಬಾಡಿಗೆಯ ಬೈಕು, ಪರದೇಶದ ಪರವಾನಗಿ

ಸಮೃದ್ಧಿ ಮಹಾಮಾರ್ಗದ ಕೊನೆಯ ಹಂತವಾದ ಇಗತಪುರಿ-ಆಮಣೆ ನಡುವಿನ 76 ಕಿಲೋಮೀಟರ್ ರಸ್ತೆಯು 2025ರ ಜೂನ್ 5ರಂದು ಸಂಚಾರಕ್ಕೆ ತೆರೆದುಕೊಂಡ ಮೇಲೆ ಮುಂಬಯಿಗರಿಗೆ ಘೋಟಿ, ಭಂಡಾರದರಾ, ತ್ರ್ಯಂಬಕೇಶ್ವರಗಳು ಇನ್ನಷ್ಟು ಸಮೀಪವಾಗಿವೆ. ಆದರೆ ಈ ಸಾಮೀಪ್ಯ ಕಾರಿನವರಿಗೆ ಮಾತ್ರ. 701 ಕಿಲೋಮೀಟರ್ ಉದ್ದದ ಈ ಮಾರ್ಗದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬೈಕಿನಲ್ಲಿ ಹೊರಟವರು ಎಂದಿನಂತೆ ಲಾರಿಗಳ ಸಾಲಿನ ನಡುವೆ ಕಸಾರಾ ಘಾಟನ್ನು ಏರಿಯೇ ಘೋಟಿ ಮುಟ್ಟಬೇಕು. ಅಲ್ಲಿಂದ ಒಂದು ದಾರಿ 1646 ಮೀಟರ್ ಎತ್ತರದ ಕಳಸೂಬಾಯಿ ಶಿಖರದ ಬುಡದಲ್ಲಿರುವ ಬಾರಿ ಗ್ರಾಮದತ್ತ, ಇನ್ನೊಂದು ವೈತರಣಾ ಜಲಾಶಯದ ಮಗ್ಗುಲಲ್ಲಿ ತ್ರ್ಯಂಬಕದತ್ತ ಸಾಗುತ್ತದೆ. ಮಳೆಗಾಲದಲ್ಲಿ ಈ ದಾರಿಗಳ ಚೆಲುವನ್ನು ಕಂಡವರು ಬೈಕಿನ ಮೋಹವನ್ನು ಸುಲಭವಾಗಿ ಬಿಡಲಾರರು.

ನಮ್ಮ ಸಮಾಜದ ಅನೇಕ ಮನೆಗಳಿಗೆ ಈ ವಿಷಯ ಬೇರೊಂದು ಬಾಗಿಲಿನಿಂದ ಬಂದು ತಲುಪುತ್ತದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ ಮಗಳ ಮಗನೋ ಅಣ್ಣನ ಮಗನೋ ರಜೆಗೆ ಬರುತ್ತಾನೆ. ಎರಡು ದಿನ ಅಜ್ಜಿಯ ಕೈಯಡುಗೆ ಉಂಡು, ಮೂರನೆಯ ದಿನ ಗೆಳೆಯರೊಡನೆ ಬಾಡಿಗೆ ಬೈಕಿನಲ್ಲಿ ಘಾಟಿನತ್ತ ಹೊರಡುತ್ತೇನೆ ಎನ್ನುತ್ತಾನೆ. ಹುಡುಗ ನಮ್ಮವನೇ ಇರಬಹುದು. ರಸ್ತೆಯ ಕಾನೂನಿನ ಮಟ್ಟಿಗೆ ಅವನು ಪರದೇಶದ ಪ್ರವಾಸಿ. ಮನೆಯ ಹಿರಿಯರು ಇದನ್ನು ಮರೆಯುವುದೇ ಹೆಚ್ಚು.

ಭಾರತವು 1949ರ ಜಿನೀವಾ ರಸ್ತೆ ಸಂಚಾರ ಒಡಂಬಡಿಕೆಯನ್ನು ಒಪ್ಪಿಕೊಂಡಿದೆ. ಅದರಂತೆ ವಿದೇಶೀಯನು ತನ್ನ ದೇಶದ ಪರವಾನಗಿಯ ಜೊತೆಗೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಇಟ್ಟುಕೊಳ್ಳಬೇಕು. ಇದನ್ನು ಅವನು ತನ್ನ ದೇಶದಲ್ಲೇ ಪಡೆದು ತರಬೇಕು, ಇಲ್ಲಿಗೆ ಬಂದ ಮೇಲೆ ಇಲ್ಲಿನ ಆರ್‌ಟಿಒ ಕೊಡುವುದಿಲ್ಲ. ಇನ್ನೂ ಮುಖ್ಯವಾದುದು ವಾಹನದ ವರ್ಗ. ಅಮೆರಿಕದಲ್ಲಿ ಕಾರು ಓಡಿಸುವ ಪರವಾನಗಿ ಇದ್ದ ಮಾತ್ರಕ್ಕೆ ಮೋಟಾರ್ ಸೈಕಲ್ ಓಡಿಸುವ ಹಕ್ಕು ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಅನುಮತಿ ಬೇಕು. ಅಂತಾರಾಷ್ಟ್ರೀಯ ಪರವಾನಗಿಯ ಪುಸ್ತಿಕೆಯಲ್ಲಿ ಮೋಟಾರ್ ಸೈಕಲ್ಲಿಗೆ ಸಂಬಂಧಿಸಿದ 'ಎ' ವರ್ಗದ ಎದುರು ಮುದ್ರೆ ಇಲ್ಲದಿದ್ದರೆ ಆ ಪುಸ್ತಿಕೆ ಬೈಕಿನ ಮಟ್ಟಿಗೆ ಬರಿಯ ಕಾಗದ.

ಇನ್ನು ಬಾಡಿಗೆಗೆ ಕೊಡುವವರ ವಿಚಾರ. ಕೇಂದ್ರ ಸರಕಾರದ 1997ರ ಬಾಡಿಗೆ ಮೋಟಾರ್ ಸೈಕಲ್ ಯೋಜನೆಯಂತೆ ಈ ವ್ಯವಹಾರಕ್ಕೆ ಸಾರಿಗೆ ಇಲಾಖೆಯ ಲೈಸೆನ್ಸ್ ಕಡ್ಡಾಯ, ಕನಿಷ್ಠ ಐದು ವಾಹನಗಳಿರಬೇಕು. ಹೀಗೆ ನೋಂದಾಯಿತವಾದ ವಾಹನದ ನಂಬರ್ ಪ್ಲೇಟು ಕಪ್ಪು, ಅಕ್ಷರಗಳು ಹಳದಿ. ಬಿಳಿಯ ಪ್ಲೇಟಿನ ಖಾಸಗಿ ಬೈಕನ್ನು ದಿನಕ್ಕಿಷ್ಟು ಎಂದು ಕೊಟ್ಟು ಹಣ ಪಡೆಯುವುದು ಕಾನೂನುಬಾಹಿರ. ಗೋವೆಗೆ ಹೋದವರಿಗೆ ಕಪ್ಪು ಪ್ಲೇಟು ಪರಿಚಿತ. ಸಣ್ಣ ಪೇಟೆಗಳಲ್ಲಿ "ಪರಿಚಯದವರ ಗಾಡಿ, ಚಿಂತೆಯಿಲ್ಲ" ಎಂಬ ಮಾತೇ ರಸೀದಿ.

ಚಿಂತೆ ಆರಂಭವಾಗುವುದು ಅಪಘಾತವಾದಾಗ. ಖಾಸಗಿ ವಾಹನದ ವಿಮಾ ಪಾಲಿಸಿ ಬಾಡಿಗೆಯ ಬಳಕೆಯನ್ನು ಒಳಗೊಂಡಿರುವುದಿಲ್ಲ. ಸವಾರನಿಗೆ ಸೂಕ್ತ ಪರವಾನಗಿ ಇಲ್ಲದಿದ್ದರೆ ಗಾಡಿಯ ನಷ್ಟವನ್ನು ವಿಮಾ ಕಂಪೆನಿ ತುಂಬಿಕೊಡುವುದೂ ಕಷ್ಟ. ಗಾಯಗೊಂಡ ದಾರಿಹೋಕನ ಪಾಡು ಇದಕ್ಕಿಂತ ತುಸು ವಾಸಿ: ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನ ಬಲದಿಂದ ವಿಮಾ ಕಂಪೆನಿಯು ಮೊದಲು ಪರಿಹಾರ ಕೊಟ್ಟು, ಬಳಿಕ ಆ ಮೊತ್ತವನ್ನು ವಾಹನದ ಮಾಲಕನಿಂದ ವಸೂಲು ಮಾಡುವಂತೆ ಆದೇಶಿಸಲು ಅವಕಾಶವಿದೆ. ಮಾಲಕನು ಅದನ್ನು ಸವಾರನ ಮನೆಯವರಿಂದ ಕೇಳದೆ ಬಿಟ್ಟಾನೆಯೇ? 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದೆ ಓಡಿಸಿದವನಿಗೂ, ಅಂಥವನ ಕೈಗೆ ವಾಹನ ಕೊಟ್ಟ ಮಾಲಕನಿಗೂ ಕಾನೂನು ವಿಧಿಸುವ ದಂಡ 5,000 ರೂಪಾಯಿ. ಆಸ್ಪತ್ರೆಯ ಬಿಲ್ಲಿನ ಮುಂದೆ ಅದು ಲೆಕ್ಕಕ್ಕಿಲ್ಲ. ಹುಡುಗನ ಪ್ರವಾಸ ವಿಮೆಯಲ್ಲಿಯೂ ಅಕ್ರಮವಾಗಿ ಓಡಿಸಿದ ಬೈಕಿನ ಅಪಘಾತವನ್ನು ಹೊರಗಿಡುವ ಷರತ್ತು ಸಾಮಾನ್ಯ.

ಇದೇ ಕಥೆಯ ಮಗ್ಗುಲು ಬದಲಾದರೆ ನಮ್ಮ ಮಕ್ಕಳು ಫುಕೆಟ್‌ನಲ್ಲೋ ಹನೋಯಿಯಲ್ಲೋ ಸ್ಕೂಟರ್ ಬಾಡಿಗೆಗೆ ಹಿಡಿದಿರುತ್ತಾರೆ. ಇಲ್ಲಿನ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿಗೆ ಥಾಯ್ಲೆಂಡಿನಲ್ಲಿ ಮನ್ನಣೆ ಇದೆ. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಡಂಬಡಿಕೆಯಂತೆ ಕೊಟ್ಟ ಪರವಾನಗಿಯನ್ನು. ನಮ್ಮದು 1949ರ ಮಾದರಿಯಾದುದರಿಂದ ಅಲ್ಲಿ ನಡೆಯದು. ಅಂಗಡಿಯವನು ಅದನ್ನು ಕೇಳದೆಯೇ ಕೀಲಿ ಕೊಡುತ್ತಾನೆ, ಒತ್ತೆಗೆ ಪಾಸ್‌ಪೋರ್ಟ್ ಕೇಳುತ್ತಾನೆ. ಪಾಸ್‌ಪೋರ್ಟನ್ನು ಕೊಟ್ಟವನು ಗಾಡಿಗೆ ಗೀರು ಬಿದ್ದಾಗ ಹೇಳಿದ ಮೊತ್ತ ತೆರದೆ ಊರಿಗೆ ಮರಳಲಾರ.

ನಾಸಿಕ-ತ್ರ್ಯಂಬಕದ ಸಿಂಹಸ್ಥ ಕುಂಭಮೇಳದ ಪುಣ್ಯಸ್ನಾನಗಳು 2027ಕ್ಕೆ ನಿಗದಿಯಾಗಿವೆ. ಇಗತಪುರಿಯ ವಿಪಶ್ಯನಾ ಕೇಂದ್ರ ಧಮ್ಮಗಿರಿಗೆ ಬರುವ ವಿದೇಶೀಯರಂತೂ ಸದಾ ಇದ್ದೇ ಇದ್ದಾರೆ. ಯಾತ್ರಿಕರು ಹೆಚ್ಚಿದಂತೆ ಬಾಡಿಗೆ ಬೈಕುಗಳೂ ಹೆಚ್ಚುವುದು ಸಹಜ. ಲೈಸೆನ್ಸ್ ಪಡೆದ ಬಾಡಿಗೆದಾರರ ಪಟ್ಟಿಯನ್ನು ನಾಸಿಕದ ಸಾರಿಗೆ ಕಚೇರಿಯು ರೈಲು ನಿಲ್ದಾಣಗಳಲ್ಲಿ ಮರಾಠಿ, ಹಿಂದಿ, ಇಂಗ್ಲಿಷಿನ ಜೊತೆ ಕನ್ನಡದಲ್ಲಿಯೂ ಅಂಟಿಸಿದರೆ ದೊಡ್ಡ ಖರ್ಚೇನೂ ಬಾರದು. ಅಲ್ಲಿಯವರೆಗೆ ಕೀಲಿ ಪಡೆಯುವ ಮುನ್ನ ಪ್ಲೇಟಿನ ಬಣ್ಣವನ್ನೂ ಪುಸ್ತಿಕೆಯ 'ಎ' ಮುದ್ರೆಯನ್ನೂ ನೋಡುವ ಕೆಲಸ ಮನೆಯವರದೇ.