ಅಗ್ಗದ ಲಿಥಿಯಂ ಬ್ಯಾಟರಿ: ಪೆಟ್ಟಿಗೆಯ ಬೆಲೆಯೋ, ಯೂನಿಟ್ಟಿನ ಬೆಲೆಯೋ?

ಚಿತ್ರದುರ್ಗ ಜಿಲ್ಲೆಯು ಇಂದು ವಿದ್ಯುಚ್ಛಕ್ತಿಯನ್ನು ಬಳಸುವ ಜಿಲ್ಲೆ ಮಾತ್ರವಲ್ಲ, ಉತ್ಪಾದಿಸುವ ಜಿಲ್ಲೆಯೂ ಹೌದು. ಜಿಲ್ಲೆಯ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಹೆಚ್ಚು ದೂರವಲ್ಲದ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಹೀಗಿದ್ದರೂ ಹಿರಿಯೂರು ತಾಲ್ಲೂಕಿನ ಧರ್ಮಪುರದಂತಹ ಹೋಬಳಿ ಕೇಂದ್ರದಲ್ಲಿ ಮಳೆಗಾಳಿ ಎದ್ದ ಸಂಜೆ ದೀಪ ಆರುವುದು ತಪ್ಪಿಲ್ಲ. 2023ರ ಬರಗಾಲದಲ್ಲಿ ರಾಜ್ಯವೇ ವಿದ್ಯುತ್ ಕೊರತೆಯನ್ನು ಅನುಭವಿಸಿದಾಗ ಈ ಭಾಗದ ಮನೆಗಳಿಗೂ ಅಂಗಡಿಗಳಿಗೂ ಯು.ಪಿ.ಎಸ್. ಎಂಬುದು ಅನುಕೂಲದ ವಸ್ತುವಾಗಿ ಉಳಿಯದೆ ಅವಶ್ಯಕ ವಸ್ತುವಾಯಿತು.

ಆ ಯು.ಪಿ.ಎಸ್.ನ ಪಕ್ಕದಲ್ಲಿ ದಶಕಗಳಿಂದ ಕುಳಿತಿದ್ದ ಸೀಸ-ಆಮ್ಲದ ಟ್ಯೂಬುಲರ್ ಬ್ಯಾಟರಿಯ ಸ್ಥಾನವನ್ನು ಈಗ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೇಳುತ್ತಿದೆ. ಹೆಸರಾಂತ ಸಂಸ್ಥೆಗಳ ಮಾಲಿನ ಜೊತೆಗೆ, ಹೊರದೇಶದ ಸೆಲ್‌ಗಳನ್ನು ತಂದು ಇಲ್ಲಿಯೇ ಜೋಡಿಸಿ ಬಹಳ ಕಡಿಮೆ ಬೆಲೆಗೆ ಮಾರುವ ಮಾಲೂ ಮಾರುಕಟ್ಟೆಗೆ ಬಂದಿದೆ. ಈ ಪತ್ರಿಕೆಯ ಓದುಗರಲ್ಲಿ ಕೆಲವರು ಇದನ್ನು ಕೊಳ್ಳುವವರು, ಕೆಲವರು ಮಾರುವವರು, ಮತ್ತೆ ಕೆಲವರು ಜೋಡಿಸಲು ಹೊರಟಿರುವ ಸಣ್ಣ ಉದ್ದಿಮೆದಾರರು. ಮೂವರಿಗೂ ಅನ್ವಯಿಸುವ ಮಾತು ಒಂದೇ: ಬ್ಯಾಟರಿಯನ್ನು ಪೆಟ್ಟಿಗೆಯ ಬೆಲೆಯಿಂದ ಅಳೆಯಬಾರದು, ಅದು ತನ್ನ ಆಯುಷ್ಯದಲ್ಲಿ ನಿಜವಾಗಿ ಕೊಡುವ ಪ್ರತಿ ಯೂನಿಟ್ಟಿನ ಬೆಲೆಯಿಂದ ಅಳೆಯಬೇಕು.

ವಸ್ತುವಿನ ಗುಣ

ಈ ರಾಸಾಯನಿಕದ ಉಪಯುಕ್ತತೆಯನ್ನು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡಿನಫ್ ಮತ್ತು ಭಾರತ ಮೂಲದ ಅಕ್ಷಯ ಪಾಢಿ ಅವರನ್ನೊಳಗೊಂಡ ತಂಡವು 1997ರಲ್ಲಿ ಪ್ರಕಟಿಸಿತು. ಲಿಥಿಯಂ ಬ್ಯಾಟರಿಗಳ ಕುರಿತ ಕಾರ್ಯಕ್ಕಾಗಿ ಗುಡಿನಫ್ ಅವರಿಗೆ 2019ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ದುಬಾರಿಯಾದ ಕೋಬಾಲ್ಟ್ ಮತ್ತು ನಿಕ್ಕಲ್ ಇದರಲ್ಲಿ ಇಲ್ಲ. ಕಬ್ಬಿಣ ಮತ್ತು ರಂಜಕವೇ ಮುಖ್ಯ. ಇತರ ಲಿಥಿಯಂ ಬಗೆಗಳಿಗೆ ಹೋಲಿಸಿದರೆ ಬೆಂಕಿಯ ಅಪಾಯ ಕಡಿಮೆ. ಆದರೆ ಅಪಾಯವೇ ಇಲ್ಲವೆನ್ನುವಂತಿಲ್ಲ. ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಇದನ್ನು ಶೇಕಡಾ 80ರಷ್ಟು ಬಳಸಬಹುದು. ಡಿಸ್ಟಿಲ್ಡ್ ವಾಟರ್ ಹಾಕುವ ಗೋಜಿಲ್ಲ, ತುಂಬಿಸಿದ ವಿದ್ಯುತ್ತಿನಲ್ಲಿ ಪೋಲಾಗುವುದೂ ಕಡಿಮೆ.

ವಸ್ತುವಿನ ಗುಣದ ಬಗ್ಗೆ ತಕರಾರಿಲ್ಲ. ತಕರಾರು ಇರುವುದು, ಆ ಗುಣವೆಲ್ಲವೂ ಅಗ್ಗದ ಪೆಟ್ಟಿಗೆಯೊಳಗೂ ಇದೆಯೇ ಎಂಬುದರಲ್ಲಿ. ಧರ್ಮಪುರದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿ ದೊಡ್ಡದೊಂದು ಪುರಾತನ ಕೆರೆಯಿದೆ. ಕೆರೆಯ ವಿಸ್ತೀರ್ಣವನ್ನು ದಾಖಲೆಯಲ್ಲಿ ಓದಿ ನೀರಿನ ಲೆಕ್ಕ ಹೇಳುವ ರೈತ ಯಾರೂ ಇಲ್ಲ; ಹೂಳೆಷ್ಟು, ಒಳಹರಿವೆಷ್ಟು ಎಂದೇ ಕೇಳುತ್ತಾನೆ. ಬ್ಯಾಟರಿಯ ಮೇಲೆ ಅಂಟಿಸಿದ ‘100 ಎ.ಎಚ್.’ ಎಂಬುದು ದಾಖಲೆಯ ವಿಸ್ತೀರ್ಣವಿದ್ದಂತೆ. ಒಳಗಿರುವುದು ಹೊಸ ಸೆಲ್ಲೋ, ಕಾರ್ಖಾನೆಯಲ್ಲಿ ಎರಡನೆಯ ದರ್ಜೆಯೆಂದು ಬೇರ್ಪಡಿಸಿದ್ದೋ, ಹಳೆಯ ವಾಹನದಿಂದ ತೆಗೆದು ಹೊಸ ಹೊದಿಕೆ ಹಾಕಿದ್ದೋ ಎಂಬುದು ಹೂಳಿನ ಪ್ರಶ್ನೆ.

ಲೆಕ್ಕದ ಕನ್ನಡಿಯಲ್ಲಿ

ಕೇವಲ ಉದಾಹರಣೆಗಾಗಿ ಒಂದು ಲೆಕ್ಕವನ್ನು ಪರಿಶೀಲಿಸಬಹುದು. 12 ವೋಲ್ಟ್, 150 ಎ.ಎಚ್. ಟ್ಯೂಬುಲರ್ ಬ್ಯಾಟರಿಯ ಬೆಲೆ 15,000 ರೂಪಾಯಿ, ಗುಜರಿಯ ಮೌಲ್ಯ 3,000 ರೂಪಾಯಿ ಎಂದು ಭಾವಿಸಿದರೆ ನಿವ್ವಳ ವೆಚ್ಚ 12,000 ರೂಪಾಯಿ. ಅದರ ಸಾಮರ್ಥ್ಯ 1.8 ಯೂನಿಟ್, ಅರ್ಧ ಬಳಸಿದರೆ ಒಂದು ಆವರ್ತಕ್ಕೆ 0.9 ಯೂನಿಟ್. ಒಮ್ಮೆ ಖಾಲಿಯಾಗಿ ತುಂಬುವುದೇ ಒಂದು ಆವರ್ತ. 1,200 ಆವರ್ತ ಬಾಳಿದರೆ ದೊರೆಯುವುದು 1,080 ಯೂನಿಟ್. ಯೂನಿಟ್ಟಿಗೆ 11 ರೂಪಾಯಿ 11 ಪೈಸೆ.

12.8 ವೋಲ್ಟ್, 100 ಎ.ಎಚ್. ಲಿಥಿಯಂ ಬ್ಯಾಟರಿಯ ಬೆಲೆ 20,000 ರೂಪಾಯಿ, ಗುಜರಿಯ ಮೌಲ್ಯ ಶೂನ್ಯ ಎಂದು ಭಾವಿಸಬಹುದು. ಸಾಮರ್ಥ್ಯ 1.28 ಯೂನಿಟ್, ಶೇಕಡಾ 80ರಂತೆ ಒಂದು ಆವರ್ತಕ್ಕೆ 1.024 ಯೂನಿಟ್. ಕರಪತ್ರದಲ್ಲಿ ಹೇಳುವಂತೆ 4,000 ಆವರ್ತ ಬಂದರೆ 4,096 ಯೂನಿಟ್. ಯೂನಿಟ್ಟಿಗೆ 4 ರೂಪಾಯಿ 88 ಪೈಸೆ ಮಾತ್ರ. ಮಾರಾಟಗಾರರು ತೋರಿಸುವ ಲೆಕ್ಕ ಇದು, ಅಂಕಗಣಿತದಲ್ಲಿ ತಪ್ಪಿಲ್ಲ. ಆದರೆ ಪೆಟ್ಟಿಗೆಯೊಳಗಿನ ನಿಜವಾದ ಸಾಮರ್ಥ್ಯ 80 ಎ.ಎಚ್. ಆಗಿದ್ದು, 1,500 ಆವರ್ತಕ್ಕೇ ಸೋತರೆ ದೊರೆಯುವುದು ಸುಮಾರು 1,229 ಯೂನಿಟ್. ಆಗ ಬೆಲೆ ಯೂನಿಟ್ಟಿಗೆ 16 ರೂಪಾಯಿ ದಾಟುತ್ತದೆ. ಅಗ್ಗವೆಂದು ತಂದದ್ದು ಟ್ಯೂಬುಲರ್‌ಗಿಂತ ದುಬಾರಿಯಾಯಿತು.

ಇನ್ನೊಂದು ಅಂಶವನ್ನು ಬಹುಮಂದಿ ಗಮನಿಸುವುದಿಲ್ಲ. 4,000 ಆವರ್ತದ ಲೆಕ್ಕ ದಿನನಿತ್ಯ ಪೂರ್ಣವಾಗಿ ಬಳಸುವವರಿಗೆ ಮಾತ್ರ ಸರಿ. ಕರೆಂಟ್ ಹೋದಾಗ ಮಾತ್ರ ಬಳಸುವ ಮನೆಯಲ್ಲಿ ವರ್ಷಕ್ಕೆ 100 ಪೂರ್ಣ ಆವರ್ತವಾದರೆ 4,000ಕ್ಕೆ 40 ವರ್ಷ ಬೇಕು. ಬಳಸದಿದ್ದರೂ ಬ್ಯಾಟರಿಗೆ ವಯಸ್ಸಾಗುತ್ತದೆ. ಬಿಸಿಲ ಸೀಮೆಯಲ್ಲಿ ಇನ್ನೂ ಬೇಗ. ಹತ್ತು ವರ್ಷ ಬಾಳಿತೆಂದುಕೊಂಡರೂ ದೊರೆಯುವುದು 1,024 ಯೂನಿಟ್. ಯೂನಿಟ್ಟಿಗೆ 19 ರೂಪಾಯಿ 53 ಪೈಸೆ. ಇದೇ ಬಳಕೆಯಲ್ಲಿ ಟ್ಯೂಬುಲರ್ ಐದು ವರ್ಷ ಬಾಳಿದರೆ ಯೂನಿಟ್ಟಿಗೆ 26 ರೂಪಾಯಿ 67 ಪೈಸೆ, ಲಿಥಿಯಂ ಗೆದ್ದಿತು. ಆದರೆ ಅದೇ ಲಿಥಿಯಂ ಮೂರು ವರ್ಷಕ್ಕೆ ನಿಂತುಹೋದರೆ ಯೂನಿಟ್ಟಿಗೆ 65 ರೂಪಾಯಿ. ಗೆಲುವು-ಸೋಲನ್ನು ನಿರ್ಧರಿಸುವುದು ಖರೀದಿಯ ಬೆಲೆಯಲ್ಲ, ಬಾಳಿಕೆ.

ಲೆಕ್ಕಶಾಸ್ತ್ರದಲ್ಲಿ ಮುನ್ನೆಚ್ಚರಿಕೆಯ ತತ್ವವೊಂದಿದೆ: ಬರಬಹುದಾದ ಲಾಭವನ್ನು ಲೆಕ್ಕಕ್ಕೆ ಹಿಡಿಯಬಾರದು, ಬರಬಹುದಾದ ನಷ್ಟವನ್ನು ಹಿಡಿಯಬೇಕು. ಬ್ಯಾಟರಿಗೂ ಇದೇ ಸರಿ. ಜಾರಿ ಮಾಡಿಸಿಕೊಳ್ಳಬಹುದಾದ ವಾರಂಟಿ ಎಷ್ಟು ವರ್ಷವೋ ಅಷ್ಟನ್ನೇ ಆಯುಷ್ಯವೆಂದು ಹಿಡಿಯುವುದು ಕ್ಷೇಮ. ಮೂರು ವರ್ಷ ವಾರಂಟಿಯ 20,000 ರೂಪಾಯಿಯ ಮಾಲಿಗಿಂತ ಏಳು ವರ್ಷ ವಾರಂಟಿಯ 30,000 ರೂಪಾಯಿಯ ಮಾಲು ವರ್ಷದ ಲೆಕ್ಕದಲ್ಲಿ ಅಗ್ಗ.

ಬಿಲ್ಲಿನಲ್ಲಿ ಉಳಿತಾಯವುಂಟೆ?

‘ಬ್ಯಾಟರಿ ಹಾಕಿಸಿದರೆ ಕರೆಂಟ್ ಬಿಲ್ ಉಳಿಯುತ್ತದೆ’ ಎಂಬ ಪ್ರಚಾರವನ್ನೂ ಪರೀಕ್ಷಿಸಬೇಕು. ಕರ್ನಾಟಕದಲ್ಲಿ 2023ರ ಜುಲೈನಿಂದ ಗೃಹಜ್ಯೋತಿ ಯೋಜನೆ ಜಾರಿಯಲ್ಲಿದೆ. ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, 200 ಯೂನಿಟ್ ಮಿತಿಗೊಳಪಟ್ಟು, ಮನೆಬಳಕೆಯ ವಿದ್ಯುತ್ ಉಚಿತ. ಶೂನ್ಯ ಬಿಲ್ ಬರುವ ಮನೆಯಲ್ಲಿ ಉಳಿಸುವುದಕ್ಕೆ ಏನೂ ಇಲ್ಲ. ಬಿಲ್ ಕಟ್ಟುವ ಮನೆಯಲ್ಲಿಯೂ ಯೂನಿಟ್ಟಿನ ದರ ಸುಮಾರು 6 ರೂಪಾಯಿ ಇರುವಾಗ, ಮೇಲಿನ ಯಾವ ವಾಸ್ತವ ಲೆಕ್ಕವೂ ಅದಕ್ಕೆ ಸಮನಾಗದು.

ಸೌರ ಫಲಕವಿರುವ ಮನೆಯ ಪ್ರಶ್ನೆ ತುಸು ಬೇರೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನವಿದೆ. ಇದು ಫಲಕದ ಸಾಮರ್ಥ್ಯಕ್ಕೆ ಕೊಡುವ ಹಣವೇ ಹೊರತು ಬ್ಯಾಟರಿಗಲ್ಲ. ನೆಟ್ ಮೀಟರಿಂಗ್ ಇರುವಲ್ಲಿ ಹಗಲಿನ ಹೆಚ್ಚುವರಿಯನ್ನು ವಿದ್ಯುತ್ ಜಾಲವೇ ಠೇವಣಿಯಂತೆ ಇಟ್ಟುಕೊಳ್ಳುತ್ತದೆ. ಆದರೆ ಲೈನ್ ಕೆಲಸ ಮಾಡುವವರ ಸುರಕ್ಷತೆಗಾಗಿ, ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರ ವ್ಯವಸ್ಥೆಯು ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಆ ವೇಳೆಗೆ ಬ್ಯಾಟರಿ ಬೇಕು. ಒಟ್ಟಿನಲ್ಲಿ ಗೃಹಬಳಕೆಯ ಬ್ಯಾಟರಿ ಎಂಬುದು ಉಳಿತಾಯದ ಹೂಡಿಕೆಯಲ್ಲ, ವಿಮೆ. ವಿಮೆಯನ್ನು ಅಗತ್ಯವಿದ್ದಷ್ಟೇ ಮಾಡಿಸುವುದು ವಿವೇಕ: ನಾಲ್ಕು ದೀಪ, ಎರಡು ಫ್ಯಾನು, ಒಂದು ದೂರದರ್ಶನಕ್ಕೆ ಬೇಕಾಗುವ ಗಾತ್ರಕ್ಕೆ ಮಿತಿಗೊಳಿಸಿ, ಉಳಿದ ಹಣವನ್ನು ಗುಣಮಟ್ಟಕ್ಕೆ ತೆರುವುದು ಒಳಿತು.

ಪರೀಕ್ಷೆಗೆ ಪ್ರಯೋಗಾಲಯವೇ ಬೇಕಿಲ್ಲ

ಮೊದಲನೆಯ ಸಾಧನ ವರ್ತಕರ ಬಳಿ ಇದ್ದೇ ಇದೆ, ಅದು ತಕ್ಕಡಿ. 100 ಎ.ಎಚ್. ಸೆಲ್ ಒಂದಕ್ಕೆ ಸುಮಾರು 2 ಕಿಲೋ ತೂಕ. ನಾಲ್ಕು ಸೆಲ್‌ಗಳೇ 8 ಕಿಲೋ, ಪೆಟ್ಟಿಗೆ ಸೇರಿ 10ರಿಂದ 13 ಕಿಲೋ. ಆರೇಳು ಕಿಲೋ ತೂಗುವ ಪೆಟ್ಟಿಗೆಯ ಮೇಲೆ ‘100 ಎ.ಎಚ್.’ ಎಂದು ಬರೆದಿದ್ದರೆ ಪ್ರಶ್ನಿಸಲೇಬೇಕು.

ಎರಡನೆಯದು ಖಾಲಿ ಮಾಡಿ ನೋಡುವುದು. ಬ್ಯಾಟರಿಯನ್ನು ಪೂರ್ಣ ತುಂಬಿಸಿ, ಡಿ.ಸಿ. ವ್ಯಾಟ್ ಮೀಟರ್ ಮೂಲಕ ನಿಗದಿತ ಲೋಡ್ ಹಾಕಿ, ತಾನಾಗಿ ಕಡಿತಗೊಳ್ಳುವವರೆಗೆ ಓಡಿಸಿದರೆ ಮೀಟರ್ 1.2 ಯೂನಿಟ್ಟಿಗಿಂತ ಹೆಚ್ಚು ತೋರಿಸಬೇಕು. ಈ ಸೆಲ್‌ಗಳ ವೋಲ್ಟೇಜು ಕೊನೆಯವರೆಗೂ ಹೆಚ್ಚು ಇಳಿಯದ ಕಾರಣ, ವೋಲ್ಟ್ ಮೀಟರ್ ಇಟ್ಟು ‘ಬ್ಯಾಟರಿ ಚೆನ್ನಾಗಿದೆ’ ಎನ್ನುವುದು ಪರೀಕ್ಷೆಯೇ ಅಲ್ಲ.

ಮೂರನೆಯದು ಹೊಂದಾಣಿಕೆ. ನಾಲ್ಕು ಸೆಲ್‌ಗಳ ಪೆಟ್ಟಿಗೆಗೆ ಗರಿಷ್ಠ 14.6 ವೋಲ್ಟ್, ಟ್ಯೂಬುಲರ್‌ಗಾಗಿ ಹೊಂದಿಸಿದ ಹಳೆಯ ಯು.ಪಿ.ಎಸ್. ಇದನ್ನು ಮೀರಬಹುದು. ಲಿಥಿಯಂ ಆಯ್ಕೆ ಇಲ್ಲದ ಯು.ಪಿ.ಎಸ್.ಗೆ ಇದನ್ನು ಜೋಡಿಸಿ ಕೊಡುವುದು ಸಲ್ಲದು. ಹಾಗೆಯೇ ಒಳಗಿನ ನಿಯಂತ್ರಣ ಫಲಕ, ಅಂದರೆ ಬಿ.ಎಂ.ಎಸ್., ಪ್ರತಿ ಸೆಲ್ಲನ್ನೂ ಕಾಯುತ್ತದೆಯೇ, ಹೆಚ್ಚು ಬಿಸಿಯಾದಾಗ ತುಂಬುವುದನ್ನು ನಿಲ್ಲಿಸುತ್ತದೆಯೇ ಎಂದು ಲಿಖಿತವಾಗಿ ಕೇಳಬೇಕು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿನ ಕೋಣೆಯು ಈ ಬ್ಯಾಟರಿಗೆ ತಕ್ಕ ಸ್ಥಳವಲ್ಲ.

ನಾಲ್ಕನೆಯದು ಕಾಗದಪತ್ರ. ಬಿ.ಐ.ಎಸ್. ಗುರುತು ಇದ್ದ ಮಾತ್ರಕ್ಕೆ ತೃಪ್ತರಾಗದೆ ಯಾವ ಮಾನಕ, ಯಾವುದಕ್ಕೆ ಎಂದು ನೋಡಬೇಕು. ಐ.ಎಸ್. 16046 ಎಂಬುದು ಕೈಯಲ್ಲಿ ಒಯ್ಯುವ ಉಪಕರಣಗಳ ಸೆಲ್ ಮತ್ತು ಬ್ಯಾಟರಿಗಳ ಸುರಕ್ಷತಾ ಮಾನಕ. ಸ್ಥಿರವಾಗಿ ಇಡುವ ಬ್ಯಾಟರಿಗೆ ಐ.ಇ.ಸಿ. 62619ರ ಪರೀಕ್ಷಾ ವರದಿ ಕೇಳುವುದು ಉಚಿತ. ಸೆಲ್‌ಗೆ ವರದಿ ಇದ್ದರೆ ಪೂರ್ಣ ಪೆಟ್ಟಿಗೆಗೂ ಇದೆಯೆಂದು ಅರ್ಥವಲ್ಲ.

ಮಾರುವವರ ಹೊಣೆ

ಇಲ್ಲಿ ವರ್ತಕರು ವಿಶೇಷವಾಗಿ ಎಚ್ಚರ ವಹಿಸಬೇಕು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವನ್ನು ಸೇರಿಸಿದೆ. ದೋಷಯುಕ್ತ ವಸ್ತುವಿನಿಂದ ಜೀವಕ್ಕೋ ಬೇರೆ ಆಸ್ತಿಗೋ ಹಾನಿಯಾದಾಗ, ತಯಾರಕನಾರೆಂದು ತಿಳಿಯದಿದ್ದರೆ, ತಿಳಿದಿದ್ದರೂ ಆತನಿಗೆ ನೋಟಿಸ್ ಜಾರಿ ಮಾಡಲಾಗದಿದ್ದರೆ, ಅಥವಾ ಆತ ಭಾರತದ ಕಾನೂನಿಗೆ ಒಳಪಡದಿದ್ದರೆ 86ನೆಯ ಪ್ರಕರಣದನ್ವಯ ಮಾರಿದವನೇ ಹೊಣೆಯಾಗಬಹುದು. ಇತರರು ಮಾಡಿದ ಭಾಗಗಳನ್ನು ಜೋಡಿಸುವವನೂ, ಇತರರ ಮಾಲಿಗೆ ತನ್ನ ಗುರುತು ಹಚ್ಚುವವನೂ ಕಾನೂನಿನ ದೃಷ್ಟಿಯಲ್ಲಿ ತಯಾರಕನೇ. ಹೆಸರಿಲ್ಲದ ಪೆಟ್ಟಿಗೆಯ ಮೇಲೆ ಅಂಗಡಿಯ ಸ್ಟಿಕ್ಕರ್ ಅಂಟಿಸುವುದು ಜಾಹೀರಾತಲ್ಲ, ಹೊಣೆಪತ್ರಕ್ಕೆ ಸಹಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿಯೂ ಸ್ವಂತ ಬ್ರ್ಯಾಂಡಿನಲ್ಲಿ ಮಾರುವವರು ಮತ್ತು ಆಮದು ಮಾಡಿಕೊಳ್ಳುವವರು ‘ಉತ್ಪಾದಕ’ರೇ ಆಗಿದ್ದು, ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆ ಅವರದು.

ತೆರಿಗೆಯ ವಿಷಯದಲ್ಲಿಯೂ ಬದಲಾವಣೆಯಾಗಿದೆ. 2018ರ ಜುಲೈನಿಂದ ಲಿಥಿಯಂ ಅಯಾನ್ ಬ್ಯಾಟರಿಗೆ ಶೇಕಡಾ 18 ಜಿ.ಎಸ್.ಟಿ. ಇದ್ದು, ಸೀಸ-ಆಮ್ಲದ ಬ್ಯಾಟರಿಗೆ ಶೇಕಡಾ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇಕಡಾ 18. ಲಿಥಿಯಂಗಿದ್ದ ತೆರಿಗೆಯ ಅನುಕೂಲ ಈಗಿಲ್ಲವಾದುದರಿಂದ ಹಳೆಯ ಹೋಲಿಕೆ ಪಟ್ಟಿಗಳನ್ನು ತಿದ್ದಿಕೊಳ್ಳಬೇಕು. ಅಲ್ಲದೆ ಅಂಗಡಿಯ ಹೆಸರಿನಲ್ಲಿ ಬಿಲ್ ಪಡೆದು ಬ್ಯಾಟರಿಯನ್ನು ಮನೆಯಲ್ಲಿಟ್ಟರೆ, ಸ್ವಂತ ಬಳಕೆಯ ವಸ್ತುವಾದ ಕಾರಣ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಬಿಲ್ಲೇ ಇಲ್ಲದೆ ಕೊಂಡರೆ ತೆರಿಗೆಯಷ್ಟು ಹಣ ಉಳಿಯಬಹುದು, ವಾರಂಟಿಯ ಆಧಾರವೇ ಹೋಗುತ್ತದೆ.

ಮುಂದಿನ ಹೆಜ್ಜೆ

ಅಗ್ಗದ ಮಾಲೆಲ್ಲ ಕೆಟ್ಟದ್ದೆಂದು ತೀರ್ಮಾನಿಸುವುದು ನ್ಯಾಯವಲ್ಲ. ಒಳ್ಳೆಯ ಸೆಲ್ ತಂದು ಶ್ರದ್ಧೆಯಿಂದ ಜೋಡಿಸುವ ಸಣ್ಣ ಉದ್ದಿಮೆದಾರರೂ ಇದ್ದಾರೆ. ಪರೀಕ್ಷೆಯಿಲ್ಲದ ಮಾರುಕಟ್ಟೆಯಲ್ಲಿ ಮೊದಲು ಸೋಲುವವರು ಅವರೇ. ಆದುದರಿಂದ ವಾಣಿಜ್ಯ ಸಂಸ್ಥೆಗಳು ಜಿಲ್ಲೆಯ ಪಾಲಿಟೆಕ್ನಿಕ್ ಅಥವಾ ಐ.ಟಿ.ಐ.ಗಳ ಸಹಕಾರದಿಂದ ಸಾಮರ್ಥ್ಯ ಪರೀಕ್ಷೆಯ ಒಂದು ಮೇಜನ್ನು ಸ್ಥಾಪಿಸುವುದು ಯೋಗ್ಯ. ಅದಕ್ಕೆ ಬೇಕಾಗುವ ಉಪಕರಣ ದುಬಾರಿಯಲ್ಲ. ಸದಸ್ಯ ವರ್ತಕರು ಪ್ರತಿ ಬ್ಯಾಟರಿಯೊಡನೆ ಅಳೆದ ಸಾಮರ್ಥ್ಯ, ತೂಕ, ಸೆಲ್‌ನ ಮೂಲ, ವಾರಂಟಿಯ ಅವಧಿ ಮತ್ತು ಹೊಣೆ ಹೊರುವವರ ಭಾರತದ ವಿಳಾಸ, ಈ ಐದು ವಿವರಗಳ ಚೀಟಿಯನ್ನು ಕನ್ನಡದಲ್ಲಿ ಕೊಡುವ ಪದ್ಧತಿಯನ್ನು ತಾವಾಗಿಯೇ ರೂಢಿಸಿಕೊಳ್ಳಬೇಕು. ಆ ಚೀಟಿಯನ್ನು ಕೊಡಲು ಹಿಂಜರಿಯುವ ಮಾರಾಟಗಾರನಿಂದ, ಬೆಲೆ ಎಷ್ಟೇ ಕಡಿಮೆಯಿರಲಿ, ಕೊಳ್ಳದಿರುವುದೇ ಲಾಭ.