ಬೆಂಕಿಗೆ ಇಳಿದ ರಾಮ

ಪ್ರೀತಿಸಿದವರ ಕಣ್ಣಿಗೆ ಲೋಕವೇ ಬೇರೆಯಾಗಿ ಕಾಣುತ್ತದೆ ಎನ್ನುತ್ತೇವೆ. ಹಾಗೆ ಬೇರೆಯಾಗುವುದು ಏನು ಎಂದು ಯೋಚಿಸಿದಾಗಲೆಲ್ಲ ನನಗೆ ನೆನಪಾಗುವವರು ಕುವೆಂಪು.

ಎಳೆಯ ವಯಸ್ಸಿನಲ್ಲೇ ಮೈಸೂರಿನ ಶ್ರೀರಾಮಕೃಷ್ಣಾಶ್ರಮ ಸೇರಿದವರು ಅವರು. ಸ್ವಾಮಿ ಸಿದ್ಧೇಶ್ವರಾನಂದರ ಆಶ್ರಯ, ವಿವೇಕಾನಂದರ ಓದು, 1929ರಲ್ಲಿ ಕಲ್ಕತ್ತೆಯ ಬಳಿಯ ಬೇಲೂರು ಮಠದಲ್ಲಿ ದೀಕ್ಷೆ. ಮನಸ್ಸು ಸನ್ಯಾಸದ ಕಡೆಗೇ ಇತ್ತು. ಅಂಥವರು 1937ರ ಏಪ್ರಿಲ್ 30ರಂದು ತೀರ್ಥಹಳ್ಳಿ ಸೀಮೆಯ ದೇವಂಗಿಯ ಹೇಮಾವತಿಯವರ ಕೈಹಿಡಿದರು. ಆ ಒಲವಿನ ಕವಿತೆಗಳು ಮುಂದೆ ‘ಪ್ರೇಮಕಾಶ್ಮೀರ’ದಲ್ಲಿ ಬಂದವು. ಆದರೆ ಅವರ ನೋಟ ಎಷ್ಟು ಬದಲಾಯಿತೆಂದು ನೋಡಬೇಕಾದರೆ ಪ್ರೇಮಕವಿತೆಗಳನ್ನಷ್ಟೇ ಓದಿದರೆ ಸಾಲದು.

ಅವರ ಮಹಾಕಾವ್ಯ ‘ಶ್ರೀರಾಮಾಯಣ ದರ್ಶನಂ’ ಶುರುವಾದದ್ದು ಮದುವೆಗೆ ಮುಂಚೆ, 1936ರಲ್ಲಿ. ಅದರ ಬಹುಭಾಗ ಬೆಳೆದದ್ದು ಮಾತ್ರ ಹೆಂಡತಿ ಮಕ್ಕಳು ತುಂಬಿದ ಮನೆಯಲ್ಲಿ. ವಾಲ್ಮೀಕಿಯಲ್ಲಿ ಸೀತೆ ಒಬ್ಬಳೇ ಬೆಂಕಿಗೆ ಇಳಿಯುತ್ತಾಳೆ, ರಾಮ ನೋಡುತ್ತ ನಿಲ್ಲುತ್ತಾನೆ. ಕುವೆಂಪು ಅವರ ರಾಮನಿಗೆ ಹಾಗೆ ನಿಂತು ನೋಡಲು ಆಗುವುದಿಲ್ಲ, ಅವನೂ ಬೆಂಕಿಗೆ ಇಳಿಯುತ್ತಾನೆ. ಪರೀಕ್ಷೆ ಅಂತಾದರೆ ಅದು ಇಬ್ಬರಿಗೂ. ಶತಮಾನಗಳಿಂದ ಹೆಣ್ಣೊಬ್ಬಳ ತಲೆಯ ಮೇಲೆ ಹೊರಿಸಿದ್ದ ಭಾರಕ್ಕೆ ಗಂಡೂ ಹೆಗಲು ಕೊಟ್ಟ ಈ ಗಳಿಗೆಯನ್ನು ಪಾಂಡಿತ್ಯವೊಂದರಿಂದಲೇ ಕಾಣಲು ಸಾಧ್ಯವಿತ್ತೆಂದು ನನಗೆ ಅನ್ನಿಸುವುದಿಲ್ಲ. ಗಂಡನ ಜೊತೆ ಕಾಡಿಗೂ ಹೋಗದೆ ಹಿಂದೆ ಉಳಿದ ಊರ್ಮಿಳೆ ಇಲ್ಲಿ ತಪಸ್ವಿನಿಯಾದದ್ದೂ ಇದೇ ನೋಟದಿಂದ.

ಅವರ ಎರಡು ಕಾದಂಬರಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಹುದು. 1936ರ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯ, ಸೀತೆಯರ ಪ್ರೀತಿ ಎತ್ತರದ್ದು, ಆದರೆ ಅದು ಮದುವೆಯವರೆಗೆ ಬರುವುದಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ನೆಲಕ್ಕೆ ಇಳಿದ ಪುಸ್ತಕ. ಅಲ್ಲಿ ಜೀತದ ಗುತ್ತಿ ತನ್ನ ತಿಮ್ಮಿಗಾಗಿ ಕಾಡು, ಮಳೆ, ಹೊಳೆ ಎಲ್ಲವನ್ನೂ ಎದುರು ಹಾಕಿಕೊಳ್ಳುತ್ತಾನೆ. ಒಡೆಯರ ಮನೆತನದ ಮುಕುಂದಯ್ಯ, ಚಿನ್ನಮ್ಮರ ಪ್ರೀತಿ ಉಳಿದುಕೊಳ್ಳುವುದು ಕೂಲಿಯಾಳುಗಳಾದ ಐತ, ಪೀಂಚಲುವಿನ ನೆರವಿನಿಂದ. ಒಡೆಯನ ಒಲವೂ ಆಳಿನ ಒಲವೂ ಒಂದೇ ತೂಕ. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ ಬರೆದ ಪುಸ್ತಕವಿದು ಎಂಬುದನ್ನು ನಮ್ಮ ವಿಮರ್ಶೆ ಇನ್ನಷ್ಟು ಗಮನಿಸಬೇಕಿತ್ತು.

ಅದರ ಹಿಂದಿನ ವರ್ಷ, 1966ರಲ್ಲಿ, ಮಗ ತೇಜಸ್ವಿ ತಾವು ಮೆಚ್ಚಿದ ರಾಜೇಶ್ವರಿಯವರನ್ನು ಮಂತ್ರಮಾಂಗಲ್ಯದ ಮೂಲಕ ಮದುವೆಯಾದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ದುಂದುವೆಚ್ಚವಿಲ್ಲ. ತಂದೆಯೇ ರೂಪಿಸಿದ ಆ ಕ್ರಮದಲ್ಲಿ ಇಂದಿಗೂ ಎಷ್ಟೋ ಜೋಡಿಗಳು ಬಾಳು ಆರಂಭಿಸುತ್ತವೆ.

ವಯಸ್ಕರಿಬ್ಬರು ಮೆಚ್ಚಿ ಮದುವೆಯಾಗಲು ಮನೆಯವರ, ಜಾತಿಯವರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಆಮೇಲೂ ನಮ್ಮದೇ ಜಿಲ್ಲೆಗಳಿಂದ ಮರ್ಯಾದೆಯ ಹೆಸರಿನ ಕೊಲೆಗಳ ಸುದ್ದಿ ಬರುತ್ತಿದೆ. ತನ್ನ ಪ್ರೀತಿ ಮನುಷ್ಯನಿಗೆ ಇನ್ನೊಬ್ಬರ ಪ್ರೀತಿಯನ್ನೂ ಗೌರವಿಸಲು ಕಲಿಸಬೇಕು. ಹಾಗೆ ಕಲಿತವರು ತಂದೆ ತಾಯಿಯಾದ ಮೇಲೆ ಮರೆಯುವುದೇಕೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡುತ್ತದೆ. ಅದಕ್ಕೇ ಈ ಸಂಚಿಕೆಯ ಕಥೆಗಳನ್ನು ಆರಿಸುವಾಗ ಪ್ರೀತಿಸಿದವರ ಜೊತೆಗೆ ಅವರ ಮನೆಯ ಹಿರಿಯರೂ ಬದಲಾಗುವ ಕಥೆಗಳನ್ನೇ ಹುಡುಕಿದೆವು. ಓದಿ, ನಿಮ್ಮ ಮನೆಯ ಹಿರಿಯರಿಗೂ ಓದಲು ಕೊಡಿ.